ಪೇಟೆಯ ಕಸ, ಹಳ್ಳಿಯ ಮಣ್ಣು

(ನಗರದ ಹೊರಗಿನ ಗೋಮಾಳದಲ್ಲಿ ಕಸ ತುಂಬುವ ಯೋಜನೆಯನ್ನು ಕುರಿತು ಗ್ರಾಮಸ್ಥರು ಕರೆದಿದ್ದ ಸಭೆಯಲ್ಲಿ ಪಕ್ಷದ ಪರವಾಗಿ ಮಾಡಿದ ಭಾಷಣ)



ಈ ಸಭೆಗೆ ನಮ್ಮನ್ನು ಕರೆಯಲು ಬಂದಿದ್ದ ಹಿರಿಯರೊಬ್ಬರು ಪಕ್ಷದ ಕಚೇರಿಯ ಬಾಗಿಲಲ್ಲೇ ನಿಂತು ಒಂದು ಪ್ರಶ್ನೆ ಹಾಕಿದರು: "ನಿಮ್ಮ ಪೇಟೆಯ ಕಸಕ್ಕೆ ನಮ್ಮ ಗೋಮಾಳವೇ ಆಗಬೇಕಾಯಿತೇ, ಸ್ವಾಮಿ?" ಅವರು ಒತ್ತಿ ಹೇಳಿದ್ದು 'ನಿಮ್ಮ' ಎಂಬ ಮಾತನ್ನು. ಅದು ನಮ್ಮನ್ನು ಚುಚ್ಚಿತು. ಚುಚ್ಚಬೇಕಾದದ್ದೇ. ನಾವು ಪೇಟೆಯವರು. ನಾಳೆ ಈ ಗೋಮಾಳಕ್ಕೆ ಬರಲಿರುವ ಲಾರಿಯಲ್ಲಿ ನಮ್ಮ ಮನೆಯ ಕಸವೂ ಇರುತ್ತದೆ, ಈ ಭಾಷಣ ಅಚ್ಚಾಗುವ ಪತ್ರಿಕೆಯ ರದ್ದಿಯೂ ಇರುತ್ತದೆ. ಆದ್ದರಿಂದ ಇಲ್ಲಿಗೆ ನಾವು ಉಪದೇಶ ಮಾಡಲು ಬಂದಿಲ್ಲ. ಈ ಮೊಕದ್ದಮೆಯಲ್ಲಿ ನಾವು ಆರೋಪಿಗಳೂ ಹೌದು, ಸಾಕ್ಷಿಗಳೂ ಹೌದು. ಸಾಕ್ಷಿಯ ಕರ್ತವ್ಯವನ್ನಾದರೂ ಸರಿಯಾಗಿ ಮಾಡೋಣವೆಂದು ಬಂದಿದ್ದೇವೆ.

ನಗರಸಭೆಯವರು ನಿಮ್ಮ ಮುಂದೆ ಇಟ್ಟಿರುವ ವಾದ ಹೀಗಿದೆ: ಕಸವೆಂದರೆ ಕೊಳೆಯುವ ವಸ್ತು, ಕೊಳೆತು ಮಣ್ಣಾಗುತ್ತದೆ, ನಿಮ್ಮ ತಿಪ್ಪೆಯಲ್ಲಿ ಆಗುವುದೂ ಅದೇ ತಾನೇ, ಇದಕ್ಕೇಕೆ ಇಷ್ಟು ಗಲಾಟೆ? ಕೇಳುವುದಕ್ಕೆ ಇದು ಸರಿಯಾದ ಮಾತಿನಂತೆಯೇ ಇದೆ. ಆದ್ದರಿಂದ ತಿಪ್ಪೆಯಿಂದಲೇ ಪ್ರಾರಂಭಿಸೋಣ.

ತಿಪ್ಪೆ ನಮ್ಮ ನಾಡಿನಲ್ಲಿ ಅಸಹ್ಯದ ಸ್ಥಳವಾಗಿರಲಿಲ್ಲ. ದೀಪಾವಳಿಯಲ್ಲಿ ತಿಪ್ಪೆಯ ಮೇಲೂ ಒಂದು ದೀಪ ಇಡುವ ಮನೆಗಳು ಇಂದಿಗೂ ಉಂಟು. ತಿಪ್ಪಣ್ಣ, ತಿಪ್ಪಯ್ಯ, ತಿಪ್ಪೇಸ್ವಾಮಿ, ತಿಪ್ಪಮ್ಮ ಎಂದು ಮಕ್ಕಳಿಗೆ ಹೆಸರಿಟ್ಟ ಜನ ನಾವು. ಕೊಟ್ಟಿಗೆಯ ಸಗಣಿ, ಗಂಜಲ, ಒಲೆಯ ಬೂದಿ, ದನ ತಿಂದು ಬಿಟ್ಟ ಹುಲ್ಲು, ಅಡಿಗೆಮನೆಯ ಸಿಪ್ಪೆ, ಇವೆಲ್ಲ ವರ್ಷವಿಡೀ ಅಲ್ಲಿ ಬಿದ್ದು, ಮುಂಗಾರಿಗೆ ಮುಂಚೆ ಗಾಡಿ ಏರಿ ಹೊಲಕ್ಕೆ ಹೋಗುತ್ತಿದ್ದವು. ಹೊಲದಿಂದ ಬಂದದ್ದು ಹೊಲಕ್ಕೆ ಹಿಂತಿರುಗುತ್ತಿತ್ತು. ಮನೆಯ ಯಜಮಾನನ ಸಿರಿವಂತಿಕೆಯನ್ನು ತಿಪ್ಪೆಯ ಗಾತ್ರದಿಂದ ಅಳೆಯುವವರಿದ್ದರು.

ಪೇಟೆಯ ಕಸಕ್ಕೂ ಒಂದು ಕಾಲದಲ್ಲಿ ಇದೇ ಮರ್ಯಾದೆ ಇತ್ತು. ಕಸದಿಂದ ಗೊಬ್ಬರ ಮಾಡುವ ಒಂದು ಕ್ರಮಕ್ಕೆ ಪ್ರಪಂಚದ ಕೃಷಿ ಪುಸ್ತಕಗಳಲ್ಲಿ 'ಬೆಂಗಳೂರು ವಿಧಾನ' ಎಂದೇ ಹೆಸರು. 1939ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಚಾರ್ಯ ಎಂಬ ರಸಾಯನ ವಿಜ್ಞಾನಿಗಳು ಇದನ್ನು ರೂಪಿಸಿದರು. ಊರ ಹೊರಗೆ ಕಂದಕ ತೋಡಿ, ಒಂದು ಪದರ ಬೀದಿಯ ಕಸ, ಒಂದು ಪದರ ಮಲ, ಹೀಗೆ ತುಂಬುತ್ತಾ ಬಂದು ಮೇಲೆ ಮಣ್ಣು ಮುಚ್ಚಿದರೆ ಆರೆಂಟು ತಿಂಗಳಲ್ಲಿ ಹೊಲಕ್ಕೆ ಹಾಕಬಹುದಾದ ಗೊಬ್ಬರ ಸಿದ್ಧವಾಗುತ್ತಿತ್ತು. ನಡುವೆ ಮಗುಚುವ ಕೂಲಿಯೂ ಇಲ್ಲ. ಆಹಾರದ ಅಭಾವವಿದ್ದ 1940ರ ದಶಕದಲ್ಲಿ ದೇಶದ ಹಲವು ಪುರಸಭೆಗಳು ಇದನ್ನು ಕೈಗೊಂಡವು. ಆ ಕೆಲಸದ ಹೊಲಸನ್ನೆಲ್ಲ ಒಂದೇ ಜಾತಿಯ ಜನರ ತಲೆಯ ಮೇಲೆ ಹೊರಿಸಲಾಗಿತ್ತು ಎಂಬುದನ್ನು ಮರೆತು ನಾವು ಆ ಕಾಲವನ್ನು ಹೊಗಳಲಾರೆವು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಲು 1970ರ ದಶಕದಲ್ಲಿ ಬಸವಲಿಂಗಪ್ಪನವರಂಥ ಮಂತ್ರಿಯೊಬ್ಬರು ಬರಬೇಕಾಯಿತು. ಆದರೂ ಗೊಬ್ಬರದ ಮಟ್ಟಿಗೆ ಹೇಳುವುದಾದರೆ, ಪೇಟೆ ಹೊರಕ್ಕೆ ಹಾಕಿದ್ದನ್ನು ಮಣ್ಣು ಜೀರ್ಣಿಸಿಕೊಳ್ಳುತ್ತಿತ್ತು.

ಕಂದಕಕ್ಕೆ ಹೆಸರು ಕೊಟ್ಟ ಅದೇ ಬೆಂಗಳೂರು ಮುಂದೆ ಮಾವಳ್ಳಿಪುರವನ್ನೂ ಮಂಡೂರನ್ನೂ ಸೃಷ್ಟಿಸಿತು. ನಡುವೆ ಬದಲಾದದ್ದು ಏನು? ಮಣ್ಣು ಬದಲಾಗಲಿಲ್ಲ. ಬದಲಾದದ್ದು ಕಸ.

ಇಂದಿನ ಪೇಟೆಯ ಬುಟ್ಟಿಯನ್ನು ನೆಲದ ಮೇಲೆ ಸುರಿದು ನೋಡಿ. ಸುಮಾರು ಅರ್ಧ ಪಾಲು ಈಗಲೂ ಕೊಳೆಯುವ ವಸ್ತುವೇ. ಅನ್ನ, ತರಕಾರಿ ಸಿಪ್ಪೆ, ಹೂವು, ಎಲೆ. ಆದರೆ ಅದರ ಜತೆಗೆ ಹಾಲಿನ ಕವರು, ಮಾತ್ರೆಯ ಹಾಳೆ, ಅವಧಿ ಮೀರಿದ ಔಷಧಿ, ಟಾರ್ಚಿನ ಸೆಲ್ಲು, ಕೈಗಡಿಯಾರದ ಗುಂಡಿಯಂಥ ಸೆಲ್ಲು, ಒಡೆದ ಟ್ಯೂಬ್‌ಲೈಟು, ಬಣ್ಣದ ಡಬ್ಬಿ, ಜಿರಲೆ ಔಷಧಿಯ ಸೀಸೆ, ಕೆಟ್ಟ ಮೊಬೈಲಿನ ಚಾರ್ಜರು, ಮಕ್ಕಳ ಡೈಪರು, ಸಕ್ಕರೆ ಕಾಯಿಲೆಯವರು ಚುಚ್ಚಿಕೊಂಡು ಎಸೆದ ಸೂಜಿ. ಟ್ಯೂಬ್‌ಲೈಟಿನಲ್ಲಿ ಪಾದರಸವಿದೆ. ಹಳೆಯ ಬಣ್ಣದಲ್ಲಿ, ಬ್ಯಾಟರಿಯಲ್ಲಿ, ಬೆಸುಗೆಯಲ್ಲಿ ಸೀಸವಿದೆ. ಕೆಲವು ಬಗೆಯ ಸೆಲ್ಲುಗಳಲ್ಲಿ ಕ್ಯಾಡ್ಮಿಯಂ ಎಂಬ ಲೋಹವಿದೆ. ಒಂದು ಮನೆಯಲ್ಲಿ ಇವು ಚಿಟಿಕೆಯಷ್ಟು. ಐವತ್ತು ಸಾವಿರ ಮನೆಗಳ ಚಿಟಿಕೆ ಒಂದೇ ಗೋಮಾಳದಲ್ಲಿ ಬಿದ್ದರೆ ಅದು ಚಿಟಿಕೆಯಾಗಿ ಉಳಿಯುವುದಿಲ್ಲ.

ಇನ್ನು ಗುಡ್ಡೆಯೊಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಜಗಳದ ಮೂಲ ಇಲ್ಲಿದೆ. ನಿಮ್ಮ ತಿಪ್ಪೆ ಆಳೆತ್ತರ ಮೀರುವುದಿಲ್ಲ, ಅದಕ್ಕೆ ಗಾಳಿ ಆಡುತ್ತದೆ. ಪೇಟೆಯ ಕಸದ ಗುಡ್ಡೆ ಮನೆಗಳೆತ್ತರ ಏರುತ್ತದೆ, ಲಾರಿ ಓಡಾಡಿ ಗಟ್ಟಿಯಾಗುತ್ತದೆ, ನಡುವೆ ಪ್ಲಾಸ್ಟಿಕ್ಕು ಹಾಸಿದಂತೆ ಕುಳಿತಿರುತ್ತದೆ. ಒಳಗೆ ಗಾಳಿ ಇಲ್ಲ. ಗಾಳಿಯಿಲ್ಲದೆ ಕೊಳೆಯುವ ಅನ್ನ ಮೊದಲು ಹುಳಿಯಾಗುತ್ತದೆ. ಹುಣಿಸೆಹುಳಿ ಹಿತ್ತಾಳೆ ಪಾತ್ರೆಯ ಕಿಲುಬನ್ನು ಹೇಗೆ ಬಿಡಿಸುತ್ತದೆಂದು ತಾಯಂದಿರಿಗೆ ಗೊತ್ತು. ಗುಡ್ಡೆಯೊಳಗಿನ ಹುಳಿಯೂ ಅಷ್ಟೆ, ಸೆಲ್ಲು ಬಲ್ಬುಗಳಲ್ಲಿರುವ ಲೋಹವನ್ನು ಕರಗಿಸಿಕೊಳ್ಳುತ್ತದೆ. ಕಸದಲ್ಲೇ ಇದ್ದ ನೀರು, ಮೇಲಿಂದ ಬಿದ್ದ ಮಳೆನೀರು, ಎರಡೂ ಸೇರಿ ಕಾಫಿ ಕಷಾಯದಂಥ ಕಪ್ಪು ರಸ ತಳದಲ್ಲಿ ಒಸರುತ್ತದೆ. ಅಧಿಕಾರಿಗಳ ಕಾಗದದಲ್ಲಿ ಇದಕ್ಕೆ ಲೀಚೇಟ್ ಎಂದು ಹೆಸರು. ನಾವು ಕಸರಸ ಎನ್ನೋಣ. ಕೆಲವು ಕಾಲದ ಮೇಲೆ ಹುಳಿ ಕಡಿಮೆಯಾಗಿ ಮೀಥೇನ್ ಅನಿಲ ಹುಟ್ಟುತ್ತದೆ. ಆ ಅನಿಲಕ್ಕೆ ಬೆಂಕಿ ತಗುಲಿದರೆ ಗುಡ್ಡೆ ಒಳಗೊಳಗೇ ಉರಿಯುತ್ತದೆ, ನೀರು ಹಾಕಿ ಆರಿಸುವುದೂ ಕಷ್ಟ. 2023ರ ಮಾರ್ಚಿಯಲ್ಲಿ ಕೊಚ್ಚಿಯ ಬ್ರಹ್ಮಪುರಂನಲ್ಲಿ ಹೊತ್ತಿದ ಬೆಂಕಿಯ ಹೊಗೆ ಹತ್ತು ದಿನಕ್ಕೂ ಮಿಕ್ಕಿ ಆ ಶಹರವನ್ನು ಮುಚ್ಚಿತ್ತು. ಪ್ಲಾಸ್ಟಿಕ್ಕು ಹೀಗೆ ಅರೆಬರೆ ಉರಿದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಮಣ್ಣಿನ ಮೇಲೆ ಕೂತು, ಹುಲ್ಲಿಗೆ ಅಂಟಿ, ಹಸುವಿನ ಕೊಬ್ಬಿಗೆ ಸೇರಿ, ಹಾಲಿನಲ್ಲಿ ಬರುತ್ತದೆ.

ಕಸರಸ ಮಣ್ಣಿಗೆ ಇಳಿದ ಮೇಲೆ? ಜೇಡಿಯೂ ಕಸುವೂ ಇರುವ ಮಣ್ಣು ಬಹಳ ಸಹನೆಯುಳ್ಳದ್ದು. ಸೀಸವನ್ನು ಅದು ಮೇಲ್ಪದರದಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಕೆಳಗೆ ಬಿಡುವುದಿಲ್ಲ. ಬಾವಿಗೆ ಇದು ಒಳ್ಳೆಯದು, ಮಕ್ಕಳಿಗೆ ಕೆಟ್ಟದ್ದು. ಮಣ್ಣಿನಲ್ಲಿ ಆಡುವ ಮಗು ಕೈಯನ್ನು ಬಾಯಿಗೆ ಹಾಕುತ್ತದೆ. ದೊಡ್ಡವರ ದೇಹಕ್ಕಿಂತ ಮಗುವಿನ ದೇಹ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಹೀರಬಲ್ಲದು. ಅದು ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ, ಮತ್ತು 'ಇಷ್ಟಾದರೆ ಅಪಾಯವಿಲ್ಲ' ಎಂಬ ಪ್ರಮಾಣವೇ ಸೀಸಕ್ಕೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕ್ಯಾಡ್ಮಿಯಂ ಇದಕ್ಕಿಂತ ಚಪಲ. ಹುಳಿ ಮಣ್ಣಿನಲ್ಲಿ ಸುಲಭವಾಗಿ ಬೇರಿಗೆ ಏರಿ ಸೊಪ್ಪಿನಲ್ಲಿ, ಅಕ್ಕಿಯಲ್ಲಿ ಕೂಡುತ್ತದೆ. ಗಿಡ ಬಾಡುವುದಿಲ್ಲ, ಎಲೆ ಹಳದಿಯಾಗಬೇಕೆಂದೂ ಇಲ್ಲ. ಹಸಿರಾಗಿಯೇ ಸಂತೆಗೆ ಬರುತ್ತದೆ. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಗಣಿಯ ನೀರಿನಿಂದ ಬಂದ ಕ್ಯಾಡ್ಮಿಯಂ ಗದ್ದೆಗೆ ಸೇರಿ, ಅಕ್ಕಿ ತಿಂದ ರೈತ ಹೆಂಗಸರ ಮೂತ್ರಪಿಂಡ ಕೆಟ್ಟು, ಮೂಳೆಗಳು ತಾವಾಗಿಯೇ ಮುರಿಯುವಷ್ಟು ಮೆದುವಾದವು. ನೋವಿನ ಕೂಗನ್ನೇ ಅಲ್ಲಿಯವರು ರೋಗಕ್ಕೆ ಹೆಸರಾಗಿಟ್ಟರು. ಸರಕಾರ ಕಾರಣವನ್ನು ಒಪ್ಪಿಕೊಂಡದ್ದು 1968ರಲ್ಲಿ, ರೋಗ ಕಾಣಿಸಿಕೊಂಡು ದಶಕಗಳಾದ ಮೇಲೆ. ಅದು ಗಣಿಯ ಪ್ರಕರಣ, ಮನೆಕಸದ್ದಲ್ಲ. ಪ್ರಮಾಣದಲ್ಲಿ ಹೋಲಿಕೆ ಇಲ್ಲ. ಆದರೆ ಮಣ್ಣಿನಿಂದ ತಟ್ಟೆಗೆ ಬರುವ ದಾರಿ ಒಂದೇ.

ಮಣ್ಣು ಹಿಡಿಯಲಾರದ್ದು ಉಪ್ಪು ಮತ್ತು ನೈಟ್ರೇಟು. ಕಸರಸದ ಅಮೋನಿಯ ಗಾಳಿ ತಾಗಿದಲ್ಲಿ ನೈಟ್ರೇಟಾಗಿ ನೀರಿನೊಡನೆ ಇಳಿಯುತ್ತದೆ. ನಮ್ಮ ಬಯಲುಸೀಮೆಯ ಕೆಳಗೆ ಇರುವುದು ಕಲ್ಲು. ಮೇಲೆ ಒಂದಿಷ್ಟು ಸವೆದ ಮಣ್ಣು, ಕೆಳಗೆ ಬಿರುಕು ಬಿಟ್ಟ ಬಂಡೆ. ನೀರು ಆ ಬಿರುಕುಗಳಲ್ಲೇ ನಡೆಯುತ್ತದೆ. ಯಾವ ಬಿರುಕು ಯಾರ ಕೊಳವೆಬಾವಿಗೆ ಸೇರಿದೆ ಎಂಬುದು ಬಾವಿ ಕೆಟ್ಟ ಮೇಲೆಯೇ ತಿಳಿಯುವುದು. ಪಕ್ಕದ ಬಾವಿ ಚೆನ್ನಾಗಿದ್ದು, ಅರ್ಧ ಮೈಲಿ ಆಚೆಯ ಬಾವಿ ಕೆಡಬಹುದು. ಹೀಗಿರುವಾಗ ಹಳೆಯ ಕಲ್ಲುಗಣಿಯ ಹಳ್ಳಕ್ಕೆ ಕಸ ತುಂಬುವುದು, ಬೆಂಗಳೂರಿನ ಉತ್ತರದ ಬೆಳ್ಳಳ್ಳಿ ಮಿಟ್ಟಗಾನಹಳ್ಳಿಗಳಲ್ಲಿ ಮಾಡಿದ್ದು ಇದನ್ನೇ, ಜಾಗ ಖಾಲಿ ಇದೆಯಲ್ಲ ಎಂಬ ಬುದ್ಧಿಯೇ ಹೊರತು ಭೂಮಿಯ ಬುದ್ಧಿಯಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಮಿಗಿಂತ ಹೆಚ್ಚು ನೈಟ್ರೇಟ್ ಇರಕೂಡದೆಂದು ಭಾರತೀಯ ಮಾನಕ ಹೇಳುತ್ತದೆ. ಮೀರಿದ ನೀರಿನಲ್ಲಿ ಹಾಲಿನ ಪುಡಿ ಕದಡಿ ಕುಡಿಸಿದರೆ ಎಳೆಗೂಸಿನ ರಕ್ತ ಪ್ರಾಣವಾಯುವನ್ನು ಹೊರಲಾರದೆ ಮೈ ನೀಲಿಗಟ್ಟುತ್ತದೆ. ನೀರು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಹೆಚ್ಚುತ್ತದೆ. ಈ ಒಂದು ಮಾತನ್ನು ದಯವಿಟ್ಟು ಮನೆಗೆ ಕೊಂಡೊಯ್ಯಿರಿ.

ಆದರೆ ಗಂಟಲೆತ್ತಿ ಮಾತನಾಡುವ ಹುರುಪಿನಲ್ಲಿ ನಾವು ಸುಳ್ಳು ಹೇಳಬಾರದು. ಕಸದ ಗುಡ್ಡೆಯ ಪಕ್ಕದ ಊರಿನಲ್ಲಿ ಬರುವ ಪ್ರತಿಯೊಂದು ಕಾಯಿಲೆಗೂ ಗುಡ್ಡೆಯೇ ಕಾರಣವೆಂದು ಸಾಧಿಸುವುದು ಸುಲಭವಲ್ಲ. 2001ರಲ್ಲಿ ಬ್ರಿಟನ್ನಿನ ಸಂಶೋಧಕರು, ಕಸ ತುಂಬಿದ ಸ್ಥಳಗಳಿಂದ 2 ಕಿಲೋಮೀಟರಿನೊಳಗೆ ಹುಟ್ಟಿದ ಲಕ್ಷಾಂತರ ಮಕ್ಕಳ ಲೆಕ್ಕ ತೆಗೆದು, ಕಡಿಮೆ ತೂಕದ ಮಕ್ಕಳೂ ಹುಟ್ಟಿನಿಂದಲೇ ಊನವಿದ್ದ ಮಕ್ಕಳೂ ಅಲ್ಲಿ ಸ್ವಲ್ಪ ಹೆಚ್ಚೆಂದು ಕಂಡರು. ಕಸವೇ ಕಾರಣವೆಂದು ಮಾತ್ರ ಅವರು ಹೇಳಲಿಲ್ಲ, ಬೇರೆ ಕಾರಣಗಳೂ ಇರಬಹುದೆಂದು ಎಚ್ಚರಿಸಿದರು. ಅಧಿಕಾರಿಗಳು ಈ ಎಚ್ಚರಿಕೆಯನ್ನೇ ಹಿಡಿದು 'ಪುರಾವೆ ಇಲ್ಲ' ಎನ್ನುತ್ತಾರೆ. ಪುರಾವೆ ಇಲ್ಲವೆನ್ನುವುದಕ್ಕೂ, ಹುಡುಕಿಯೇ ಇಲ್ಲವೆನ್ನುವುದಕ್ಕೂ ವ್ಯತ್ಯಾಸವಿದೆ. ಯಾರ ರಕ್ತವನ್ನು, ಯಾವ ಬಾವಿಯ ನೀರನ್ನು, ಗುಡ್ಡೆ ಬರುವ ಮೊದಲು ಒಮ್ಮೆ, ಬಂದ ಮೇಲೆ ಹತ್ತು ಸಲ ಪರೀಕ್ಷಿಸಿದ್ದಾರೆ?

ನಮ್ಮ ರಾಜ್ಯದ ಮೂರು ಊರುಗಳ ಕಥೆ ಕೇಳಿ. ಯಲಹಂಕದ ಆಚೆಯ ಮಾವಳ್ಳಿಪುರಕ್ಕೆ ವರ್ಷಗಟ್ಟಲೆ ಬೆಂಗಳೂರಿನ ಕಸ ಹೋಯಿತು. ಅಲ್ಲಿಯ ಕಸರಸವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೇ ಪರೀಕ್ಷಿಸಿ, ಅದರಲ್ಲಿ ಅಮೋನಿಯ, ಉಪ್ಪು, ಕೊಳೆತ ವಸ್ತು ಎಲ್ಲವೂ ವಿಪರೀತವೆಂದು ಪ್ರಕಟಿಸಿದ್ದಾರೆ. 2012ರಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಆಜ್ಞೆಯಿಂದ ಅದು ಮುಚ್ಚಿತು. ಮುಚ್ಚಿದ ಕೆಲವೇ ವಾರಗಳಲ್ಲಿ ರಾಜಧಾನಿಯ ಬೀದಿಗಳಲ್ಲಿ ಕಸ ರಾಶಿ ಬಿದ್ದು ದೇಶವೆಲ್ಲ ನೋಡಿತು. ಹಳ್ಳಿ ಮೂಗು ಮುಚ್ಚಿಕೊಂಡಿದ್ದ ಅಷ್ಟೂ ವರ್ಷ ಯಾರೂ ನೋಡಿರಲಿಲ್ಲ. ಆಮೇಲೆ ಭಾರವೆಲ್ಲ ಮಂಡೂರಿನ ಮೇಲೆ ಬಿತ್ತು. ಮಂಡೂರಿನವರು 2014ರ ಜೂನಿನಲ್ಲಿ ರಸ್ತೆಗೆ ಇಳಿದರು, ಪೋಲೀಸರನ್ನು ಎದುರಿಸಿದರು, ಆ ವರ್ಷದ ಕೊನೆಗೆ ಲಾರಿ ನಿಲ್ಲಿಸುವ ಮಾತನ್ನು ಸರಕಾರದಿಂದ ಪಡೆದೇ ಹಿಂದೆ ಸರಿದರು. ಲಾರಿ ನಿಂತಿತು. ಗುಡ್ಡೆ ನಿಂತಲ್ಲೇ ನಿಂತಿತು.

ಮೂರನೆಯದು ಮಂಗಳೂರಿನ ಪಚ್ಚನಾಡಿ. 2019ರ ಆಗಸ್ಟಿನ ಮಳೆಯಲ್ಲಿ ಅಲ್ಲಿಯ ಕಸದ ಗುಡ್ಡೆ ಜಾರಿತು. ಜಾರಿದ್ದು ಎಂದರೆ ಒಂದೆರಡು ಬುಟ್ಟಿಯಲ್ಲ. ಕೆಳಗಿನ ಮಂದಾರದ ಅಡಿಕೆ ತೋಟ, ತೆಂಗಿನ ತೋಟ, ಮನೆ, ದಾರಿ ಎಲ್ಲದರ ಮೇಲೆ ನದಿಯಂತೆ ಹರಿದು ಕೂತಿತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಹುಟ್ಟಿದ ನೆಲ ಬಿಟ್ಟು ವಸತಿ ಮಂಡಳಿಯ ಮನೆಗಳಿಗೆ ಹೋಗಬೇಕಾಯಿತು. ತೋಟದ ಒಡೆಯನಿಗೆ ಎರಡು ಕೋಣೆಯ ಮನೆ ಕೊಟ್ಟು ಪರಿಹಾರವಾಯಿತೆಂದು ಬರೆಯುವ ಗುಮಾಸ್ತರಿಗೆ, ಒಂದು ಅಡಿಕೆ ಮರ ಫಲ ಕೊಡಲು ಎಷ್ಟು ವರ್ಷ ಬೇಕೆಂಬುದನ್ನು ಯಾರು ತಿಳಿಸಬೇಕು? ಜಾರಿದ ಕಸದ ಅಡಿಯ ಮಣ್ಣಿನಲ್ಲಿ ಮತ್ತೆ ಕೃಷಿ ಮಾಡುವುದು ಹೇಗೆಂಬ ಪ್ರಶ್ನೆ ಬೇರೆ.

ನಗರಸಭೆಯವರು ಈಗ ಹೇಳುವುದು: ಅವೆಲ್ಲ ಹಳೆಯ ಕ್ರಮ, ನಾವು ಮಾಡುವುದು 'ವೈಜ್ಞಾನಿಕ ಭೂಭರ್ತಿ'. ಒಳ್ಳೆಯದು. ಹಾಗಾದರೆ ವಿಜ್ಞಾನ ಏನು ಹೇಳುತ್ತದೆಂದು ಸರಕಾರದ ನಿಯಮದಿಂದಲೇ ಓದೋಣ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯ ಫಲವಾಗಿ 2000ದಲ್ಲಿ ಮೊದಲ ನಿಯಮಗಳು ಬಂದವು. 2016ರಲ್ಲಿ ಅವನ್ನು ಬಿಗಿ ಮಾಡಿದರು. ಗುಂಡಿಯ ತಳದಲ್ಲಿ ನೀರು ಇಳಿಯದಂಥ ಜೇಡಿಯನ್ನು 90 ಸೆಂಟಿಮೀಟರು ದಮ್ಮಸು ಮಾಡಬೇಕು, ಅದರ ಮೇಲೆ ಒಂದೂವರೆ ಮಿಲಿಮೀಟರು ದಪ್ಪದ ಹಾಳೆ ಹಾಸಬೇಕು, ಕಸರಸವನ್ನು ಕೊಳವೆಯಲ್ಲಿ ಹೊರತೆಗೆದು ಶುದ್ಧಿ ಮಾಡಬೇಕು, ಅಂತರ್ಜಲ ತಳಕ್ಕಿಂತ ಎರಡು ಮೀಟರಾದರೂ ಕೆಳಗಿರಬೇಕು, ಕೆರೆ ಮತ್ತು ಜನವಸತಿಯಿಂದ 200 ಮೀಟರು ದೂರವಿರಬೇಕು ಎಂದು ಆ ನಿಯಮ ಹೇಳಿತು. ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದು. ಗೊಬ್ಬರವಾಗಬಲ್ಲದ್ದು, ಮರುಬಳಕೆಗೆ ಬರುವುದು, ಇವು ಗುಂಡಿಗೆ ಬರಲೇಕೂಡದು. ಎಲ್ಲ ಬೇರ್ಪಡಿಸಿ ಉಳಿದ ನಿರುಪಯುಕ್ತ ವಸ್ತು ಮಾತ್ರ ಅಲ್ಲಿಗೆ ಹೋಗಬೇಕು. ಅಂದರೆ ನಿಜವಾಗಿ ವೈಜ್ಞಾನಿಕವಾದ ಗುಂಡಿಗೆ ದಿನವೂ ಸಾಲು ಲಾರಿ ಬರುವ ಪ್ರಮೇಯವೇ ಇಲ್ಲ. ಪೇಟೆಯ ಇಡೀ ಕಸಕ್ಕೆ ಇಷ್ಟು ಎಕರೆ ಬೇಕೆಂದು ಲೆಕ್ಕ ಹಾಕಿ ಗೋಮಾಳ ಕೇಳಿದ್ದಾರಲ್ಲ, ಆ ಲೆಕ್ಕವೇ ಕಸವನ್ನು ಬೇರ್ಪಡಿಸುವ ಇರಾದೆ ಇಲ್ಲವೆಂಬುದಕ್ಕೆ ಬರಹದ ಸಾಕ್ಷಿ. ಗೋಮಾಳದ ಅಂಚಿನಿಂದ ನಿಮ್ಮ ಕೆರೆಯ ಕೋಡಿಗೆ ಎಷ್ಟು ಹೆಜ್ಜೆ ಎಂಬುದನ್ನು ನೀವೇ ಬಲ್ಲಿರಿ. ನಕ್ಷೆ ಮಾಡಿದವರು ಬೇಸಗೆಯಲ್ಲಿ ಬಂದು ಅಳೆದರೆಂದು ತೋರುತ್ತದೆ.

ಯಾವಾಗಲೂ ಗೋಮಾಳವೇ ಏಕೆ? ಪೇಟೆಯ ಬಡಾವಣೆಯ ಪಕ್ಕದಲ್ಲಿ ಖಾಲಿ ನಿವೇಶನಗಳಿಲ್ಲವೇ? ಇವೆ, ಅವಕ್ಕೆ ಚದರಡಿಗೆ ಬೆಲೆ ಇದೆ. ಗೋಮಾಳಕ್ಕೆ ಬೆಲೆ ಇಲ್ಲವೆಂದು ಲೆಕ್ಕ, ಏಕೆಂದರೆ ಅದರ ಮೇಲೆ ಬದುಕುವವನು ಎರಡು ಎಮ್ಮೆ, ನಾಲ್ಕು ಕುರಿ ಇಟ್ಟುಕೊಂಡ ಭೂಹೀನ. ಕಾಗೋಡಿನಲ್ಲಿ 1951ರಲ್ಲಿ ನಮ್ಮ ಹಿರಿಯರು ಜೈಲಿಗೆ ಹೋದದ್ದು ಉಳುವವನಿಗೆ ನೆಲ ಬೇಕೆಂದು. 1974ರ ಕಾನೂನು ಬಂದು ಎಷ್ಟೋ ಗೇಣಿದಾರರಿಗೆ ಪಹಣಿ ಸಿಕ್ಕಿತು. ಆ ಪಹಣಿಯಲ್ಲಿ ಸೀಸದ ಕಲಂ ಇಲ್ಲ, ಕ್ಯಾಡ್ಮಿಯಂ ಕಲಂ ಇಲ್ಲ. ಒಡೆತನ ಹಾಗೆಯೇ ಇದ್ದು ನೆಲವೇ ಹೊರಟುಹೋಗಬಹುದು ಎಂಬುದು ಆ ದಿನಗಳಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹಾಗೆಯೇ ಗುಡ್ಡೆಯ ಮೇಲೆ ಚಿಂದಿ ಆಯುವ ಹೆಂಗಸು ಮಕ್ಕಳು, ಬರಿಗೈಯಲ್ಲಿ ಸೂಜಿ ಎತ್ತುವ ಪೌರಕಾರ್ಮಿಕರು ಈ ಚರ್ಚೆಯಲ್ಲಿ ಎಲ್ಲಿಯೂ ಬರುವುದಿಲ್ಲ. ನೀವು ಲಾರಿ ತಡೆದಾಗ ಮೊದಲು ಬೈಗುಳ ತಿನ್ನುವವನು ಆ ಲಾರಿಯ ಮೇಲೆ ನಿಂತಿರುವ ಕಾರ್ಮಿಕ. ಅವನು ನಿಮ್ಮ ವೈರಿಯಲ್ಲ. ನಾವು ಮನೆಯಲ್ಲಿ ಬೇರ್ಪಡಿಸದೆ ಕೊಟ್ಟದ್ದನ್ನು ಅವನು ಹೊತ್ತು ತಂದಿದ್ದಾನೆ, ಅಷ್ಟೆ.

ಹಾಗಾದರೆ ಏನು ಮಾಡೋಣ? ಬರೀ 'ಬೇಡ' ಎಂದರೆ ಲಾರಿ ಪಕ್ಕದ ಊರಿಗೆ ತಿರುಗುತ್ತದೆ, ಮಾವಳ್ಳಿಪುರದಿಂದ ಮಂಡೂರಿಗೆ ತಿರುಗಿದಂತೆ. ಅದು ಗೆಲುವಲ್ಲ. ಹಸಿ ಕಸ ಆಯಾ ವಾರ್ಡಿನಲ್ಲೇ ಗೊಬ್ಬರವಾಗಬೇಕೆಂದು ಪೇಟೆಯೊಳಗೆ ಹೋರಾಡುವುದು ನಮ್ಮ ಪಾಲಿನ ಕೆಲಸ. ಪಕ್ಷದ ಕಾರ್ಯಕರ್ತರ ಮನೆಗಳಿಂದಲೇ ಪ್ರಾರಂಭ. ಕಳೆದ ವಾರ ಕಚೇರಿಯ ಹಿಂದಿನ ಬುಟ್ಟಿಯನ್ನು ನಾವೇ ಸುರಿದು ನೋಡಿದೆವು, ಹೇಳಿಕೊಳ್ಳಲು ನಾಚಿಕೆಯಾಗುವಂತಿತ್ತು. ಇನ್ನೊಂದು ಎಚ್ಚರಿಕೆ. ಹಳೆಯ ಗುಡ್ಡೆಯನ್ನು ಅಗೆದು ಜರಡಿ ಹಿಡಿದು, ಬಂದ ಮಣ್ಣನ್ನು 'ಗೊಬ್ಬರ' ಎಂದು ರೈತರಿಗೆ ಪುಕ್ಕಟೆ ಹಂಚುವ ಉತ್ಸಾಹ ಕೆಲವೆಡೆ ಕಾಣುತ್ತಿದೆ. ಗುಡ್ಡೆ ಕರಗಿಸುವುದು ಒಳ್ಳೆಯ ಕೆಲಸವೇ. ಆದರೆ ಗಾಜಿನ ಚೂರು, ಪ್ಲಾಸ್ಟಿಕ್ಕಿನ ಪುಡಿ, ಲೋಹ ಎಲ್ಲ ಜರಡಿಯ ಕಣ್ಣಿನಲ್ಲಿ ನುಸುಳುತ್ತವೆ. ಲೋಹದ ಪರೀಕ್ಷೆಯ ಪತ್ರ ಕೈಗೆ ಬಾರದೆ ಒಂದು ಗಾಡಿಯನ್ನೂ ಹೊಲಕ್ಕೆ ಬಿಡಬೇಡಿ.

ನಿಮ್ಮ ಪಾಲಿನ ಕೆಲಸ ಈ ವಾರವೇ ಆಗಬೇಕಾದದ್ದು. ಗೋಮಾಳ ಇಂದು ಶುದ್ಧವಾಗಿದೆ, ಬಾವಿಗಳು ಇಂದು ಚೆನ್ನಾಗಿವೆ. ಇದಕ್ಕೆ ಕಾಗದದ ಸಾಕ್ಷಿ ಇದೆಯೇ? ಇಲ್ಲ. ನಾಳೆ ಬಾವಿ ಕೆಟ್ಟಾಗ 'ಮೊದಲೇ ಹೀಗಿತ್ತು' ಎಂದರೆ ನೀವು ಏನು ತೋರಿಸುವಿರಿ? ಆದ್ದರಿಂದ ಲಾರಿ ಬರುವುದಕ್ಕೆ ಮುಂಚೆ ಊರಿನ ಬಾವಿಗಳ ನೀರು, ಕೆರೆಯ ಕೆಳಗಿನ ಗದ್ದೆಗಳ ಮಣ್ಣು, ಎರಡನ್ನೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ತಾರೀಖು ಸಹಿತ ವರದಿ ಪಡೆಯೋಣ. ನೈಟ್ರೇಟು, ಸೀಸ, ಕ್ಯಾಡ್ಮಿಯಂ, ಪಾದರಸ, ಈ ನಾಲ್ಕನ್ನಂತೂ ಬಿಡಕೂಡದು. ಮಾದರಿಯನ್ನು ಪ್ರಯೋಗಾಲಯದವರೇ ತಮ್ಮ ಸೀಸೆಯಲ್ಲಿ ತೆಗೆಯಲಿ, ತೊಳೆದ ಸೋಡಾ ಬಾಟಲಿಯಲ್ಲಿ ನಾವು ತುಂಬಿ ಒಯ್ದರೆ ಲೆಕ್ಕಕ್ಕೆ ಬರುವುದಿಲ್ಲ. ಗ್ರಾಮಸಭೆ ಕರೆದು ನಿರ್ಣಯ ಬರೆಯಿಸಿ. ನಿರ್ಣಯದಲ್ಲಿ ಗೋಮಾಳದ ಸರ್ವೆ ನಂಬರು, ಕೆರೆಯ ದೂರ, ಮಳೆಗಾಲದಲ್ಲಿ ನೀರು ಹರಿಯುವ ದಿಕ್ಕು ಸ್ಪಷ್ಟವಾಗಿರಲಿ. ಹೆಂಗಸರ ಸಹಿಯೂ ಬೇಕು, ನೀರು ಹೊರುವವರು ಅವರು.

ಪರೀಕ್ಷೆಯ ಖರ್ಚಿನಲ್ಲಿ ಅರ್ಧವನ್ನು ಪಕ್ಷದ ಜಿಲ್ಲಾ ಶಾಖೆ ಪೇಟೆಯಲ್ಲಿ ಚಂದಾ ಎತ್ತಿ ಕೊಡುತ್ತದೆ. ಅದು ದಾನವಲ್ಲ, ನಮ್ಮ ಕಸದ ಬಾಬತ್ತು. ಉಳಿದರ್ಧಕ್ಕೆ ಮನೆಗಿಷ್ಟೆಂದು ಹಾಕುವುದಾಗಿ ಅಧ್ಯಕ್ಷರು ಒಪ್ಪಿದ್ದಾರೆ. ಸೋಮವಾರ ಬೆಳಿಗ್ಗೆ ಪ್ರಯೋಗಾಲಯದವರು ಬರುತ್ತಾರೆ. ಮೊದಲನೆಯ ಮಾದರಿ ಶಾಲೆಯ ಬೋರ್‌ವೆಲ್ಲಿನದು, ಆಮೇಲೆ ಕೇರಿಯ ಬಾವಿ, ಆಮೇಲೆ ಕೆರೆಯ ತೂಬಿನ ಕೆಳಗಿನ ಗದ್ದೆ. ದಾರಿ ತೋರಿಸಲು ಇಬ್ಬರು ಹುಡುಗರು ಬೇಕು, ಹೆಸರನ್ನು ಸಭೆ ಮುಗಿಯುವುದರೊಳಗೆ ಕಾರ್ಯದರ್ಶಿಗಳಿಗೆ ಕೊಡಿ.